ಹಳೆಯ ಟೇಬಲ್‌ಗಳನ್ನು ಹಾಗೇ ಬಿಟ್ಟು ರೇಲ್ಸ್ ಕೂರಿಸಿದೆ

"ಮೊದಲು ಡೇಟಾಬೇಸ್ ಪೂರ್ತಿ ಬದಲಾಯಿಸಿ, ಆಮೇಲೆ ಫ್ರೇಮ್‌ವರ್ಕ್ ಮಾತು" ಎಂದವರೇ ಎಲ್ಲರೂ. ನಾನು ಬದಲಾಯಿಸಲಿಲ್ಲ. ಹಳೇ ಮೈಎಸ್‌ಕ್ಯೂಎಲ್ ಡೇಟಾಬೇಸ್, ನೂರಿಪ್ಪತ್ತರ ಆಸುಪಾಸು ಟೇಬಲ್, ಪಕ್ಕದಲ್ಲಿ ಇನ್ನೂ ಓಡುತ್ತಿರುವ ಪಿಎಚ್‌ಪಿ ಕೋಡ್. ಅದರ ಮೇಲೇ ರೂಬಿ ಭಾಷೆಯ ವೆಬ್ ಫ್ರೇಮ್‌ವರ್ಕ್ ಆದ ರೇಲ್ಸ್ ಕೂರಿಸಿದೆ. ವರ್ಷದ ಮೇಲಾಯಿತು, ಎರಡೂ ಒಂದೇ ಟೇಬಲ್‌ಗಳಿಗೆ ಬರೆಯುತ್ತಿವೆ. ಹೊರಗಿನವರು ಈ ಕೆಲಸಕ್ಕೆ ಕೇಳಿದ್ದ ಹಣದಲ್ಲಿ ಹತ್ತನೇ ಒಂದು ಪಾಲೂ ಖರ್ಚಾಗಲಿಲ್ಲ.

ಜಾಸ್ತಿ ಕಾಡಿದ್ದು ಟೈನಿಇಂಟ್(1), ಸಣ್ಣ ಪೂರ್ಣಾಂಕ ಇಡುವ ಕಾಲಂ ಟೈಪ್. ಆರ್ಡರ್ ಟೇಬಲ್‌ನ ಸ್ಟೇಟಸ್ ಕಾಲಂ ಅದೇ ಟೈಪ್. 1 ಅಂದರೆ ಹಣ ಬಂದಿದೆ, 2 ಅಂದರೆ ರದ್ದು, ಹೀಗೆ 4ರವರೆಗೆ. ರೇಲ್ಸ್ ಅದನ್ನು ಬೂಲಿಯನ್ (ಟ್ರೂ ಇಲ್ಲವೇ ಫಾಲ್ಸ್ ಮಾತ್ರ) ಎಂದು ಓದುತ್ತದೆ, 2, 3, 4 ಎಲ್ಲ ಟ್ರೂ. ಇಷ್ಟು ಕಣ್ಣಿಗೆ ಬೀಳುತ್ತದೆ, ಬಿಡಿ. ಬೀಳದ್ದು ಬೇರೆ ಇದೆ. ವೇರ್‌ನಲ್ಲಿ (ಹುಡುಕುವ ಷರತ್ತಿನಲ್ಲಿ) ಸ್ಟೇಟಸ್ 2 ಎಂದು ಕೇಳಿದರೆ ಆ 2 ಟ್ರೂ ಆಗುತ್ತದೆ, ಮೈಎಸ್‌ಕ್ಯೂಎಲ್‌ಗೆ ತಲುಪುವಾಗ 1 ಆಗಿರುತ್ತದೆ. ಎರರ್ ಇಲ್ಲ. ರದ್ದಾದವರಿಗೆ ಹಣ ವಾಪಸ್ ಮಾಡುವ ಜಾಬ್, ಹಣ ಕಟ್ಟಿದ ಎಲ್ಲರಿಗೂ ವಾಪಸ್ ಮಾಡಲು ಹೊರಟಿತ್ತು! ಪುಣ್ಯಕ್ಕೆ ಟೆಸ್ಟ್ ಸರ್ವರ್.

ಟೈನಿಇಂಟ್(1) ಅನ್ನು ಬೂಲಿಯನ್ ಎಂದು ಓದಿಸುವ ಎಮ್ಯುಲೇಟ್ ಬೂಲಿಯನ್ಸ್ ಸೆಟ್ಟಿಂಗ್ ಆಫ್ ಮಾಡಿದರೆ ಸಾಕು ಎಂದರು. ಮಾಡಿದೆ. ನಿಜವಾದ ಹೌದು-ಇಲ್ಲ ಕಾಲಂಗಳೂ ಈಗ 0, 1 ಕೊಡತೊಡಗಿದವು. ರೂಬಿಯಲ್ಲಿ 0 ಕೂಡ ಟ್ರೂ ಅಲ್ವಾ? ಬ್ಲಾಕ್ ಆಗದವರೂ ಬ್ಲಾಕ್. ಕೊನೆಗೆ ಅದನ್ನು ಮತ್ತೆ ಆನ್ ಮಾಡಿ ಒಂದು ಸ್ಕ್ರಿಪ್ಟ್ ಬರೆದೆ. ಪ್ರತಿ ಟೈನಿಇಂಟ್(1) ಕಾಲಂನ ಮ್ಯಾಕ್ಸ್ ನೋಡುತ್ತದೆ, 1ಕ್ಕಿಂತ ಹೆಚ್ಚಿದ್ದರೆ ಆ ಟೇಬಲ್‌ನ ಮಾಡೆಲ್‌ಗೆ (ಟೇಬಲ್ ಅನ್ನು ಪ್ರತಿನಿಧಿಸುವ ರೂಬಿ ಕ್ಲಾಸ್) ಇಂಟಿಜರ್ ಎಂದು ಆಟ್ರಿಬ್ಯೂಟ್ ಸಾಲು ಸೇರಿಸುತ್ತದೆ. ಅಲ್ಲಿಗೆ ಆ ಕಾಟ ನಿಂತಿತು.

ನಡುವೆ ವ್ಯೂಗಳನ್ನೂ (ಟೇಬಲ್‌ನಂತೆ ಓದಬಹುದಾದ, ಉಳಿಸಿಟ್ಟ ಕ್ವೆರಿಗಳು) ಪರೀಕ್ಷಿಸಿದೆ. ಓದಲು ಸೊಗಸು. ಆದರೆ ಕೇಸ್ (ಷರತ್ತಿನ ಪ್ರಕಾರ ಮೌಲ್ಯ ಆರಿಸುವ ಎಸ್‌ಕ್ಯೂಎಲ್) ಹಾಕಿ ಬದಲಿಸಿದ ಕಾಲಂಗೆ ಬರೆಯಲು ಬರುವುದಿಲ್ಲ. ವರದಿಗಳಿಗೆ ಮಾತ್ರ ಉಳಿಸಿಕೊಂಡೆ.

0000-00-00 ತಾರೀಖುಗಳದ್ದು ವಿಚಿತ್ರ ಕಥೆ. ನಾಟ್ ನಲ್ (ಖಾಲಿ ಬಿಡುವಂತಿಲ್ಲ) ಎಂದು ಘೋಷಿಸಿದ ಡೇಟ್‌ಟೈಮ್ ಕಾಲಂನಲ್ಲಿ ಈಸ್ ನಲ್ ಎಂದು ಹುಡುಕಿದರೆ ಮೈಎಸ್‌ಕ್ಯೂಎಲ್ ಆ ಸೊನ್ನೆ ತಾರೀಖುಗಳನ್ನೇ ತಂದುಕೊಡುತ್ತದೆ. ನಲ್ ಬಿಡುವ ಕಾಲಂನಲ್ಲಿ ತರುವುದಿಲ್ಲ. ಒಂದೇ ಕೋಡ್, ಅರ್ಧ ಟೇಬಲ್‌ಗಳಲ್ಲಿ ಸರಿ, ಅರ್ಧದಲ್ಲಿ ತಪ್ಪು. ನಲ್ ಬಿಡುವ ಕಡೆಯೆಲ್ಲ ಸೊನ್ನೆ ತೆಗೆದು ನಲ್ ತುಂಬಿದೆ.

ಮಾಡೆಲ್‌ನಲ್ಲಿ ಸರಿಪಡಿಸಲಾಗದ್ದು ಒಂದೇ: ಹಣವನ್ನು ಫ್ಲೋಟ್‌ನಲ್ಲಿ (ಸಂಖ್ಯೆಯನ್ನು ಅಂದಾಜಾಗಿ ಇಡುವ ಟೈಪ್) ಇಟ್ಟಿದ್ದು. 1234567.89 ಹಾಕಿ, ಸೆಲೆಕ್ಟ್ ಮಾಡಿ, 1234570 ಬರುತ್ತದೆ. ಟೈಪ್ ಬದಲಿಸೋಣ ಎಂದರೆ ಆಲ್ಟರ್ ಕಮಾಂಡ್ ಇಡೀ ಟೇಬಲ್ ನಕಲು ಮಾಡುತ್ತದೆ, ಅಷ್ಟು ಹೊತ್ತು ಯಾರೂ ಬರೆಯುವಂತಿಲ್ಲ. ನಮ್ಮದು ಕೋಟಿಗಟ್ಟಲೆ ಸಾಲು. ಡಿಸ್ಕ್ ದೊಡ್ಡದು ಮಾಡಿಸಿ ಒಂದು ಸಲ ನೋಡಿದೆ, ಬಾಡಿಗೆ ದಂಡ. ಆಮೇಲೆ ಪಕ್ಕದಲ್ಲೇ ಪೈಸೆ ಸಮೇತ ನಿಖರವಾಗಿ ಇಡುವ ಡೆಸಿಮಲ್(12,2) ಕಾಲಂ ಸೇರಿಸಿದೆ. ಹಳೆಯ ಸಾಲುಗಳನ್ನು ರಾತ್ರಿ ಹೊತ್ತು ಕೆಲವು ಸಾವಿರದಂತೆ ತುಂಬಿದೆ, ಮೊತ್ತ ಫ್ಲೋಟ್‌ನಿಂದ ಅಲ್ಲ, ರಸೀದಿ ಟೇಬಲ್‌ನಿಂದ. ಪಿಎಚ್‌ಪಿ ಹಳೆಯದಕ್ಕೆ, ರೇಲ್ಸ್ ಹೊಸದಕ್ಕೆ ಬರೆಯುತ್ತದೆ, ನಡುವೆ ಎರಡನ್ನೂ ತಾನಾಗಿ ಹೊಂದಿಸುವ ಟ್ರಿಗರ್. ಎರಡೂ ಬೇರೆ ಬೇರೆ ಹೇಳಿದಾಗ ಯಾವುದನ್ನು ನಂಬಬೇಕೆಂದು ಅದು ಹೇಗೆ ತೀರ್ಮಾನಿಸುತ್ತದೆ ಎಂಬುದು ನನ್ನ ಹತ್ತಿರವೇ ಇರಲಿ.

ಹೊಸ ಟೇಬಲ್ ಸೇರಿಸುವವರಿಗೆ ಒಂದು ಮಾತು. ರೇಲ್ಸ್ 5.1ರಿಂದ ಐಡಿಗಳು ಬಿಗ್‌ಇಂಟ್, ಅಂದರೆ ಇಂಟ್‌ಗಿಂತ ದೊಡ್ಡ ಪೂರ್ಣಾಂಕ. ಹಳೆಯ ಇಂಟ್ ಐಡಿಗೆ ಫಾರಿನ್ ಕೀ (ಟೇಬಲ್‌ಗಳ ನಡುವಿನ ಕೊಂಡಿ) ಹಾಕಿದರೆ ಹೊಂದುವುದಿಲ್ಲ ಎಂದು ಮೈಗ್ರೇಷನ್ (ಟೇಬಲ್ ಬದಲಿಸುವ ರೇಲ್ಸ್ ಸ್ಕ್ರಿಪ್ಟ್) ಎರರ್ ಕೊಟ್ಟು ಬೀಳುತ್ತದೆ. ರೆಫರೆನ್ಸಸ್ ಸಾಲಿನಲ್ಲಿ ಟೈಪ್ ಇಂಟಿಜರ್ ಎಂದು ಬರೆಯಿರಿ. ಹಳೆಯದು ಅನ್‌ಸೈನ್ಡ್ (ಋಣ ಸಂಖ್ಯೆ ಇಲ್ಲದ್ದು) ಆಗಿದ್ದರೆ ಅದನ್ನೂ ಬರೆಯಿರಿ.