ನೀರಗಂಟಿ ಸಿಕ್ಕಿದ ಬಗೆ: ವಿಷಯ ಶೀರ್ಷಿಕೆಗಳೊಂದಿಗೆ ನನ್ನ ಅನುಭವ

ಕೋಲಾರ ಜಿಲ್ಲೆಯ ಕೆರೆಗಳ ಮೇಲೆ ಕಿರುಪ್ರಬಂಧ ಬರೆಯುತ್ತಿದ್ದ ಎಂ.ಎ. ವಿದ್ಯಾರ್ಥಿನಿಯೊಬ್ಬಳು ಕೆಲವು ವರ್ಷಗಳ ಹಿಂದೆ ಕಾಲೇಜು ಗ್ರಂಥಪಾಲಕನಾದ ನನ್ನ ಮೇಜಿನ ಮುಂದೆ ನಿಂತು, ‘ಸರ್, ನಮ್ಮ ಗ್ರಂಥಾಲಯದಲ್ಲಿ ಕೆರೆಯ ಬಗ್ಗೆ ಇರುವುದು ಎರಡೇ ಪುಸ್ತಕ’ ಎಂದಳು. ಇಂಗ್ಲಿಷಿನಲ್ಲಿ ‘ಟ್ಯಾಂಕ್’ ಎಂದು ಹುಡುಕಿದಾಗ ಅವಳಿಗೆ ಸಿಕ್ಕಿದ್ದು ಎರಡನೇ ಮಹಾಯುದ್ಧದ ಪುಸ್ತಕಗಳು. ನಾಲ್ಕು ದಿನ ಕಪಾಟುಗಳ ನಡುವೆ ನಾನೇ ಓಡಾಡಿ ಹದಿನೇಳೋ ಹದಿನೆಂಟೋ ಪುಸ್ತಕ ತೆಗೆದುಕೊಟ್ಟೆ. ಎಲ್ಲವೂ ನಮ್ಮಲ್ಲೇ ಇದ್ದವು, ಕ್ಯಾಟಲಾಗಿನಲ್ಲೂ ಇದ್ದವು. ಕಾಣಿಸುತ್ತಿರಲಿಲ್ಲ, ಅಷ್ಟೆ. ಅದು ನನ್ನನ್ನು ಬಹಳ ದಿನ ಕಾಡಿತು.

ಕಾರಣ ಹುಡುಕಲು ಕಷ್ಟಪಡಬೇಕಾಗಲಿಲ್ಲ. ನಮ್ಮ ಇಪ್ಪತ್ತೆರಡು ಸಾವಿರ ಪುಸ್ತಕಗಳ ದತ್ತಾಂಶ ನಮೂದನ್ನು ಒಬ್ಬ ಗುತ್ತಿಗೆದಾರರಿಗೆ ದಾಖಲೆಗೆ ಆರು ರೂಪಾಯಿಯಂತೆ ವಹಿಸಲಾಗಿತ್ತು. ಸುಮಾರು ಒಂದು ಲಕ್ಷ ಮೂವತ್ತು ಸಾವಿರ ಖರ್ಚಾಗಿತ್ತು. ಪುಸ್ತಕ ಯಾವ ವಿಷಯದ್ದೆಂದು ಹೇಳುವ ‘ವಿಷಯ ಶೀರ್ಷಿಕೆ’ಯನ್ನು ದಾಖಲೆಯಲ್ಲಿ ಬರೆಯುವ ಜಾಗವಾದ 650ನೇ ಟ್ಯಾಗ್ ತೆರೆದು ನೋಡಿದರೆ ಒಂದೋ ಖಾಲಿ, ಇಲ್ಲವೇ ‘ಕನ್ನಡ’, ‘ಇತಿಹಾಸ’ ಎಂಬ ಒಂದೊಂದೇ ಪದ. ಇತಿಹಾಸ ಎಂದು ಒತ್ತಿದರೆ ಮೂರು ಸಾವಿರ ಪುಸ್ತಕ ಬರುತ್ತಿದ್ದವು. ಅದರಿಂದ ಯಾರಿಗೆ ಏನು ಪ್ರಯೋಜನ?

ಇಂಗ್ಲಿಷ್ ಪುಸ್ತಕಗಳ ಪಾಡು ಬೇಗ ಸುಧಾರಿಸಿತು. ನಮ್ಮ ಗ್ರಂಥಾಲಯ ತಂತ್ರಾಂಶವಾದ ಕೋಹಾದಿಂದಲೇ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ದಾಖಲೆಗಳನ್ನು ಎಳೆದುಕೊಂಡೆ. ಅರ್ಧಕ್ಕಿಂತ ಹೆಚ್ಚಿಗೆ ಹೊಂದಿಕೆಯಾಯಿತು, ಒಂದು ಪೈಸೆ ಖರ್ಚಿಲ್ಲ. ಕೆರೆಯ ಪುಸ್ತಕಗಳು ಅಲ್ಲಿ ‘ಇರಿಗೇಷನ್ – ಇಂಡಿಯಾ – ಕರ್ನಾಟಕ’ದ ಕೆಳಗೆ ಕುಳಿತಿದ್ದವು. ಮಕ್ಕಳಿಗೆ ಈಗ ಹೇಳಿಕೊಡುವುದು ಇಷ್ಟೇ: ಹೇಗಾದರೂ ಸರಿಯಾದ ಒಂದು ಪುಸ್ತಕ ಹಿಡಿಯಿರಿ, ಅದರ ಪೂರ್ಣ ದಾಖಲೆ ತೆರೆಯಿರಿ, ಅಲ್ಲಿರುವ ಶೀರ್ಷಿಕೆಯನ್ನು ಒತ್ತಿರಿ. ಉಳಿದವು ತಾವಾಗಿ ಬರುತ್ತವೆ. 1973ರ ನವೆಂಬರಿಗೆ ಮುಂಚಿನ ಪುಸ್ತಕಗಳಿಗೆ ‘ಮೈಸೂರು’ ಹಾಕಿ ಮತ್ತೊಮ್ಮೆ ಹುಡುಕಬೇಕು. ಕೊನೆಗೆ ‘ಸೋರ್ಸಸ್’ ಎಂಬ ಉಪವಿಭಾಗ ಸೇರಿಸಿದರೆ ಮೂಲ ದಾಖಲೆಗಳು ಬೇರೆಯಾಗಿ ನಿಲ್ಲುತ್ತವೆ.  

ನಿಜವಾದ ಪೆಟ್ಟು ಬಿದ್ದದ್ದು ಕನ್ನಡ ಪುಸ್ತಕಗಳಲ್ಲಿ. ನಮ್ಮ ಭಾಷೆಯಲ್ಲಿ ಬರಿಯ ಪದ ಹುಡುಕಾಟವನ್ನು ನಂಬುವಂತಿಲ್ಲ. ‘ಗ್ರಾಮೀಣ ಅಭಿವೃದ್ಧಿ’ ಎಂದು ಟೈಪು ಮಾಡಿದರೆ ‘ಗ್ರಾಮೀಣಾಭಿವೃದ್ಧಿ’ ಬರುವುದಿಲ್ಲ, ‘ಗ್ರಾಮಾಭಿವೃದ್ಧಿ’ಯೂ ಬರುವುದಿಲ್ಲ. ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿದ್ದ ಎರಡು ಸಾವಿರ ದಾಖಲೆಗಳು ಯೂನಿಕೋಡಿಗೆ ಬದಲಾಗುವವರೆಗೆ ಸತ್ತಂತೆಯೇ ಇದ್ದವು. ಪುಸ್ತಕಗಳ ಹೆಸರುಗಳೋ ಕವಿತೆಯ ಸಾಲಿನಂತಿರುತ್ತವೆ. ಒಂದು ಪುಸ್ತಕದ ಹೆಸರಿನಲ್ಲಿ ಕೆರೆ ಎಂಬ ಪದವೇ ಇಲ್ಲ. ಪರಿವಿಡಿ ತೆರೆದರೆ ಎಂಟು ಅಧ್ಯಾಯಗಳಲ್ಲಿ ಐದು ತೂಬು, ಕೋಡಿ, ಅಚ್ಚುಕಟ್ಟು, ಗದ್ದೆಗಳಿಗೆ ಕೆರೆಯ ನೀರು ಹಂಚುವ ನೀರಗಂಟಿಯ ಮೇಲೆ.

ಇಂಗ್ಲಿಷಿನ ಸಿದ್ಧ ವಿಷಯ ಶೀರ್ಷಿಕೆಗಳ ಪುಸ್ತಕವಾದ ಸೀಯರ್ಸ್ ಪಟ್ಟಿಯನ್ನು ಕೊಂಡು ಅದನ್ನೇ ಕನ್ನಡಕ್ಕೆ ತಂದುಬಿಡೋಣ ಎಂದುಕೊಂಡು ಸೋತೆ. ಹತ್ತು ಸಾವಿರಕ್ಕೂ ಮಿಕ್ಕಿ ಕೊಟ್ಟೆ. ನೀರಗಂಟಿಗೆ, ಕೆರೆ ಕಟ್ಟಿದವರಿಗೆ ಬಿಟ್ಟುಕೊಡುತ್ತಿದ್ದ ಭೂಮಿಯಾದ ಬಿತ್ತುವಟ್ಟಕ್ಕೆ ಅದರಲ್ಲಿ ನೆಲೆ ಸಿಗಲಿಲ್ಲ. ನಾಲ್ಕು ತಿಂಗಳ ಕೆಲಸ ವ್ಯರ್ಥವಾಯಿತು. ಪಕ್ಕದ ಕಾಲೇಜಿನ ಹಿರಿಯ ಗ್ರಂಥಪಾಲಕರು, ‘ಮಕ್ಕಳು ಮೊಬೈಲಿನಲ್ಲಿ ಹುಡುಕುವ ಕಾಲದಲ್ಲಿ ಶೀರ್ಷಿಕೆ ಯಾರಿಗೆ ಬೇಕು, ಬಿಟ್ಟುಬಿಡಿ’ ಎಂದರು. ಬಿಡಲಿಲ್ಲ.

ನನ್ನದೇ ಪಟ್ಟಿ ಶುರು ಮಾಡಿದೆ. ಒಂದು ಪುಸ್ತಕಕ್ಕೆ ಮೂರಕ್ಕಿಂತ ಹೆಚ್ಚು ಶೀರ್ಷಿಕೆ ಇಲ್ಲ. ಹೆಸರು ನೋಡಿ ಕೊಡುವಂತಿಲ್ಲ, ಪರಿವಿಡಿ ಮತ್ತು ಮುನ್ನುಡಿ ಓದಿಯೇ ಕೊಡಬೇಕು. ಇಬ್ಬರು ವಿದ್ಯಾರ್ಥಿಗಳಿಗೆ ಪುಸ್ತಕಕ್ಕೆ ಮೂರು ರೂಪಾಯಿ. ಒಂಬತ್ತು ಸಾವಿರ ಕನ್ನಡ ಪುಸ್ತಕಗಳಿಗೆ ಇಪ್ಪತ್ತೇಳು ಸಾವಿರದ ಹತ್ತಿರ ಆಯಿತು. ಹೆಚ್ಚಿನದು ನನ್ನ ಸಂಬಳದ್ದು, ಉಳಿದದ್ದು ಹಳೆಯ ವಿದ್ಯಾರ್ಥಿಗಳು ಕೊಟ್ಟದ್ದು. ಒಂದೂವರೆ ವರ್ಷ ಹಿಡಿಯಿತು. ಪಟ್ಟಿಯಲ್ಲಿ ಈಗ ಸಾವಿರದ ನೂರು ಶೀರ್ಷಿಕೆಗಳಿವೆ.

ಶೀರ್ಷಿಕೆಗಿಂತ ‘ನೋಡಿ’ ಎಂಬ ಸೂಚನೆಗಳೇ ಹೆಚ್ಚು ಕೆಲಸ ಮಾಡಿದವು. ಅಂಬಿಕಾತನಯದತ್ತ – ಬೇಂದ್ರೆ ನೋಡಿ. ಪ್ರಸೂತಿ – ಹೆರಿಗೆ ನೋಡಿ. ‘ಕೆರೆ ನಿರ್ವಹಣೆ’ಯಿಂದ ‘ಬಿತ್ತುವಟ್ಟ’ಕ್ಕೆ, ಅಂಥದೇ ಭೂಮಿಯ ಕೊಡುಗೆಯಾದ ‘ಕಟ್ಟುಕೊಡಗೆ’ಗೆ ದಾರಿ ಹಾಕಿದೆ, ಏಕೆಂದರೆ ಶಾಸನಗಳು ಆಡುವುದು ಆ ಮಾತನ್ನೇ. ಕೆರೆಯ ಮೇಲೆ ಆಮೇಲೆ ಬರೆದ ಇನ್ನೊಬ್ಬ ಹುಡುಗ ಈ ದಾರಿಯಲ್ಲೇ ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ 1905ರ ಕೋಲಾರ ಸಂಪುಟಕ್ಕೆ ತಲುಪಿದ. ನನ್ನನ್ನು ಕೇಳಲೇ ಇಲ್ಲ. ಅವನ ಆಕರ ಪಟ್ಟಿಯಲ್ಲಿ ನಲವತ್ತಕ್ಕೂ ಹೆಚ್ಚು ಪುಸ್ತಕಗಳಿದ್ದವು, ಅವುಗಳಲ್ಲಿ ಮೂವತ್ತರಷ್ಟು ನಮ್ಮವೇ. ಮೌಖಿಕ ಪರೀಕ್ಷೆಗೆ ಬಂದವರು ಇಷ್ಟು ಆಕರಗಳನ್ನು ಎಲ್ಲಿಂದ ತಂದೆ ಎಂದು ಕೇಳಿದರಂತೆ. ಅಂದು ನನಗಾದ ಸಂತೋಷವನ್ನು ಹೇಳಲಾರೆ. ಬಿಟ್ಟುಬಿಡಿ ಎಂದಿದ್ದ ಹಿರಿಯರು ಕಳೆದ ಜೂನ್‌ನಲ್ಲಿ ಪೆನ್‌ಡ್ರೈವ್ ಹಿಡಿದು ಬಂದು ಪಟ್ಟಿಯನ್ನು ತೆಗೆದುಕೊಂಡು ಹೋದರು.

ನಡುವೆ ಕಪಾಟುಗಳಿಗೂ ಶೀರ್ಷಿಕೆ ಬರೆದ ಬಣ್ಣದ ಚೀಟಿ ಅಂಟಿಸಿ ನೋಡಿದೆ. ಮಳೆಗಾಲದಲ್ಲಿ ಎಲ್ಲ ಉದುರಿದವು. ಆ ಎರಡು ಸಾವಿರ ರೂಪಾಯಿ ಹೋಯಿತು.

ಈಗ ಕೈ ಹಾಕಿರುವುದು ಅಭಿನಂದನ ಗ್ರಂಥಗಳಿಗೆ. ನಮ್ಮಲ್ಲಿ ನೂರ ನಲವತ್ತರಷ್ಟಿವೆ, ಯಾರೂ ಮುಟ್ಟುವುದಿಲ್ಲ. ಸನ್ಮಾನಿತರ ಹೆಸರಿನ ಹಿಂದೆ ಜಾತ್ರೆ, ಶಾಸನ, ಒಕ್ಕಲುತನ, ಗಾದೆ, ಕೆರೆಗಳ ಮೇಲೆ ಎಂಥೆಂಥ ಲೇಖನಗಳು ಅಡಗಿವೆ! ಒಂದೊಂದು ಲೇಖನಕ್ಕೂ ಬೇರೆ ದಾಖಲೆ, ಬೇರೆ ಶೀರ್ಷಿಕೆ ಕೊಡುತ್ತಿದ್ದೇನೆ. ನಲವತ್ತು ಗ್ರಂಥಗಳು ಮುಗಿದಿವೆ. ನೀರಗಂಟಿಯ ಕೆಳಗೆ ಮೊನ್ನೆ ಮೂರನೆಯ ಲೇಖನ ಸೇರಿತು.