ಮೊದಲು ಅರಳಿದ ಹೂ ಎಲ್ಲಿದೆ?

ಶಿರಸಿ ಸೀಮೆಯ ನಮ್ಮೂರಿನ ಸೊಪ್ಪಿನ ಬೆಟ್ಟದಲ್ಲಿ, ಅಂದರೆ ಅಡಿಕೆ ತೋಟಕ್ಕೆ ಸೊಪ್ಪು ಕಡಿಯುವ ಕಾಡಿನಲ್ಲಿ, ಯಾವ ಯಾವ ಗಿಡಮರಗಳಿವೆ ಎಂದು ಬರೆದಿಡುವ ಕೆಲಸಕ್ಕೆ ಇಳಿದಾಗ ನನ್ನನ್ನು ಹೆಚ್ಚು ಕಾಡಿದ್ದು ಎಲೆಗಳು. ಒಂದೇ ಮರದ ಚಿಗುರಿಗೂ ಬಲಿತ ಎಲೆಗೂ ಸಂಬಂಧವೇ ಇಲ್ಲವೆನಿಸುತ್ತದೆ. ವರ್ಷವರ್ಷ ಸೊಪ್ಪು ಕಡಿಸಿಕೊಂಡ ಮರವಂತೂ ತನ್ನ ಆಕಾರವನ್ನೇ ಮರೆತಿರುತ್ತದೆ. ಹೂವಿನ ಸಂಗತಿ ಬೇರೆ. ಕಡ್ಡಿಯ ಮೇಲೆ ಹೂಗಳು ಕೂತಿರುವ ಕ್ರಮ ಒಂದು ಜಾತಿಯೊಳಗೆ ಅಷ್ಟು ಸುಲಭವಾಗಿ ಕೆಡುವುದಿಲ್ಲ. ಸಸ್ಯಶಾಸ್ತ್ರ ಪುಷ್ಪಮಂಜರಿ ಎನ್ನುವುದು ಈ ಕ್ರಮವನ್ನೇ.

ಪಠ್ಯದಲ್ಲಿ ಇದರ ಬಗೆಗಳ ಉದ್ದನೆಯ ಪಟ್ಟಿ ಇರುತ್ತದೆ. ಅದನ್ನು ಬಾಯಿಪಾಠ ಮಾಡುವ ಗೋಜಿಗೆ ನಾನು ಹೋಗಲಿಲ್ಲ. ಗೊಂಚಲು ಕೈಗೆ ಸಿಕ್ಕೊಡನೆ ಮೊದಲು ಅರಳಿದ ಹೂ ಎಲ್ಲಿದೆ, ತೀರ ಎಳೆಯ ಮೊಗ್ಗು ಎಲ್ಲಿದೆ ಎಂದು ನೋಡುತ್ತೇನೆ. ಕಡ್ಡಿಯ ತುದಿ ಬೆಳೆಯುತ್ತಲೇ ಇದ್ದು, ಬುಡದಿಂದ ಹೂ ಅರಳುತ್ತ ಹೋದರೆ ಅದು ರೆಸಿಮೋಸ್ ಗುಂಪು. ತುದಿಯೇ ಹೂವಾಗಿ ನಿಂತುಹೋಗಿ, ಮುಂದಿನ ಹೂಗಳು ಅದರ ಕೆಳಗಿನಿಂದ ಅಕ್ಕಪಕ್ಕಕ್ಕೆ ಹೊರಟರೆ ಸೈಮೋಸ್. ಇಷ್ಟು ಗೊತ್ತಾದರೆ ಅರ್ಧ ದಾರಿ ಸವೆದಂತೆ.

ಬುಡ ಎಂದರೆ ನೆಲದ ಕಡೆಯಲ್ಲ, ಕೊಂಬೆಗೆ ಅಂಟಿದ ಕಡೆ. ಬೇಸಿಗೆಯಲ್ಲಿ ಹಳದಿಯಾಗಿ ಇಳಿಬೀಳುವ ಕಕ್ಕೆಯ ಗೊಂಚಲನ್ನು ನೋಡಿ: ಮೇಲ್ಭಾಗದ ಹೂಗಳು ಪೂರ್ತಿ ಬಿರಿದಿರುತ್ತವೆ, ತೂಗಾಡುವ ಕೆಳತುದಿಯಲ್ಲಿ ಹಸಿರು ಮೊಗ್ಗುಗಳಿರುತ್ತವೆ. ಮಳೆ ಹಿಡಿಯುವ ಹೊತ್ತಿಗೆ ಮರದ ಕಾಂಡದ ಮೇಲೆ ಹೂಬಿಡುವ ಸೀತಾಳೆ ದಂಡೆಯೂ ಇದೇ ಬಗೆಯದು. ಎರಡರಲ್ಲೂ ಪ್ರತಿ ಹೂವಿಗೆ ತೊಟ್ಟಿದೆ, ಆದ್ದರಿಂದ ರೆಸೀಮ್. ತೊಟ್ಟಿಲ್ಲದೆ ಹೂವು ನೇರವಾಗಿ ಕಡ್ಡಿಗೇ ಅಂಟಿದ್ದರೆ ಸ್ಪೈಕ್. ಉತ್ತರಾಣಿಯ ಕಡ್ಡಿಯನ್ನು ಬೆರಳಲ್ಲಿ ಸವರಿದರೆ ಇದು ಕಣ್ಣಿಗಿಂತ ಮೊದಲು ಕೈಗೇ ತಿಳಿಯುತ್ತದೆ. ನಮ್ಮ ತೋಟದ ಕಾಳುಮೆಣಸಿನ ಕರೆಯೂ, ಅಂದರೆ ಹೂದಂಡೆಯೂ, ಸ್ಪೈಕೇ.

ಸೈಮೋಸ್ ಕಲಿಯಲು ಮಲ್ಲಿಗೆಗಿಂತ ಒಳ್ಳೆಯ ಹೂವಿಲ್ಲ. ಕವಲಿನ ತುದಿಯಲ್ಲಿ ಸಾಮಾನ್ಯವಾಗಿ ಮೂರು ಮೊಗ್ಗು. ನಡುವಿನದು ದಪ್ಪ, ಅಕ್ಕಪಕ್ಕದವು ಸಣ್ಣವು. ನಡುವಿನದು ಮೊದಲು ಬಿರಿಯುತ್ತದೆ. ಬೆಳಗಾಗುವ ಮೊದಲೇ ಮೊಗ್ಗು ಕೊಯ್ಯುವ ಭಟ್ಕಳದ ಕಡೆಯ ಹೆಂಗಸರ ಬೆರಳು ನಡುವಿನ ಮೊಗ್ಗನ್ನಷ್ಟೇ ಚಿವುಟಿ, ಪಕ್ಕದವನ್ನು ಮುಂದಿನ ದಿನಗಳಿಗೆ ಬಿಡುತ್ತದೆ. ಬೆಟ್ಟದ ಕೇಪಳದ ಕೆಂಪು ಗೊಂಚಲು ಮೇಲಿನಿಂದ ಒಂದೇ ಮಟ್ಟವಾಗಿ ಕಂಡರೂ, ಕವಲು ಬಿಡಿಸಿದರೆ ಅಲ್ಲೂ ಇದೇ ಮೂರರ ಲೆಕ್ಕ ಸಿಗುತ್ತದೆ.

ನನಗೆ ಅತ್ಯಂತ ಇಷ್ಟವಾದದ್ದು ಅಡಿಕೆಯ ಸಿಂಗಾರ. ಕೊನೆ ಇಳಿಸಲು ಬಂದ ಕೊನೆಗೌಡರ ಕೈಯಲ್ಲಿ ಒಂದು ಸಿಂಗಾರ ಕೊಯ್ಯಿಸಿ ಜಗಲಿಯ ಮೇಲೆ ಹರಡಿಕೊಂಡು ಕೂತಿದ್ದೆ. ಕವಲುಕವಲಾಗಿದ್ದರೂ ಈ ಮಂಜರಿಯನ್ನು ಸ್ಪಾಡಿಕ್ಸ್, ಅಂದರೆ ದಪ್ಪ ದಿಂಡಿಗೆ ತೊಟ್ಟಿಲ್ಲದ ಹೂಗಳು ಅಂಟಿದ ಬಗೆ, ಎನ್ನುತ್ತಾರೆ. ಪ್ರತಿ ಎಳೆಯ ಬುಡದಲ್ಲಿ ದಪ್ಪನೆಯ ಹೆಣ್ಣು ಹೂಗಳು ಬೆರಳೆಣಿಕೆಯಷ್ಟು. ಅಲ್ಲಿಂದ ತುದಿಯವರೆಗೆ ಅಕ್ಕಿಕಾಳಿನಂಥ ಗಂಡು ಹೂಗಳು ಲೆಕ್ಕವಿಲ್ಲದಷ್ಟು. ಗಂಡು ಹೂಗಳು ಮೊದಲು ಅರಳಿ ಉದುರುತ್ತವೆ. ಹೆಣ್ಣು ಹೂಗಳು ಪರಾಗಕ್ಕೆ ಸಿದ್ಧವಾಗುವುದು ಆಮೇಲೆ. ಆದ್ದರಿಂದ ಪರಾಗ ಸಾಮಾನ್ಯವಾಗಿ ಬೇರೆ ಮರದಿಂದಲೇ ಬರಬೇಕು. ಸುವರ್ಣಗಡ್ಡೆಯದು ಇದರ ತಿರುಗುಮುರುಗು. ಅದರ ಒಂದೇ ದಪ್ಪ ದಿಂಡಿನ ಬುಡದಲ್ಲಿ ಹೆಣ್ಣು ಹೂ, ಅದರ ಮೇಲೆ ಗಂಡು ಹೂ. ಹೆಣ್ಣು ಹೂಗಳೇ ಮೊದಲು ಸಿದ್ಧವಾಗುತ್ತವೆ. ಆಗ ಹೊಮ್ಮುವ ಕೊಳೆತ ಮಾಂಸದ ವಾಸನೆಗೆ ಕೀಟಗಳು ಮುತ್ತುತ್ತವೆ. ಅಡಿಕೆ ಮರದ ಕೆಳಗೇ ಸುವರ್ಣಗಡ್ಡೆ ಬೆಳೆಯುವ ನಾವು ಇವೆರಡನ್ನೂ ಒಟ್ಟಿಗೆ ಇಟ್ಟು ನೋಡದಿದ್ದರೆ ಬಹಳ ದೊಡ್ಡ ಸಂತೋಷವನ್ನು ಬಿಟ್ಟಂತೆ.

ಉಳಿದವು ಬೇಗ ಕೈವಶವಾಗುತ್ತವೆ. ಕುಮಟಾದ ಈರುಳ್ಳಿಯನ್ನು ಹೂಬಿಡಲು ಬಿಟ್ಟರೆ ಎಲ್ಲ ತೊಟ್ಟುಗಳೂ ಒಂದೇ ಬಿಂದುವಿನಿಂದ ಹೊರಡುವ ಅಂಬೆಲ್ ಕಾಣುತ್ತದೆ. ಸೇವಂತಿಗೆ, ಗೊಂಡೆಹೂಗಳಲ್ಲಿ ನಾವು ಎಸಳು ಎನ್ನುವ ಒಂದೊಂದೂ ಒಂದು ಹೂವೇ. ಅತ್ತಿಯಲ್ಲಿ ಹೂಗಳೆಲ್ಲ ಕಾಯಿಯಂತಿರುವ ಕೋಶದ ಒಳಗೋಡೆಗೆ ಅಂಟಿಕೊಂಡಿರುತ್ತವೆ, ಸೀಳಿಯೇ ನೋಡಬೇಕು.

ತಡೆದು ನೋಡಬೇಕಾದದ್ದು ತುಂಬೆ. ಅದರ ಕಾಂಡ ಬುಡದಿಂದ ಮೇಲಕ್ಕೆ ಹೂಬಿಡುತ್ತ ಹೋಗುತ್ತದೆ, ಅಂದರೆ ರೆಸಿಮೋಸ್ ನಡೆ. ಆದರೆ ಗಿಣ್ಣಿನ ಸುತ್ತಲಿನ ಒಂದು ಗುಂಪನ್ನು ಬಿಡಿಸಿದರೆ, ಎದುರುಬದುರು ಎಲೆಗಳ ಕಂಕುಳಲ್ಲಿ ಒತ್ತೊತ್ತಾದ ಎರಡು ಸೈಮೋಸ್ ಗೊಂಚಲುಗಳು ಸಿಗುತ್ತವೆ. ಇಂಥ ಕಡೆ ನಾನು ಬರಿಯ ಹೆಸರು ಬರೆದು ಮುಗಿಸುವುದಿಲ್ಲ. ಇಡೀ ಕಾಂಡದ ಕ್ರಮ ಒಂದು ಸಾಲು, ಗುಂಪಿನೊಳಗಿನ ಕ್ರಮ ಇನ್ನೊಂದು ಸಾಲು.

ಮಾದರಿ ತೆಗೆಯುವಾಗ ಒಂದು ಹೂ ಕಿತ್ತರೆ ಉಪಯೋಗವಿಲ್ಲ. ಮೊಗ್ಗು, ಅರಳಿದ ಹೂ, ಎಳೆಗಾಯಿ, ಕವಲು, ಎಲೆ ಎಲ್ಲ ಇರುವ ತುಂಡು ಬೇಕು. ಪತ್ರಿಕೆಯ ಹಾಳೆಗಳ ನಡುವೆ ಇಟ್ಟು ಮೇಲೆ ಭಾರ ಹೇರುತ್ತೇನೆ. ನಮ್ಮ ಮಳೆಗಾಲದಲ್ಲಿ ದಿನವೂ ಹಾಳೆ ಬದಲಿಸಿ, ಒಲೆಯ ಬಿಸಿ ತಾಗುವ ಕಡೆ ಇಡದಿದ್ದರೆ ಬೂಸಲು ಹಿಡಿಯುತ್ತದೆ. ಸಿಂಗಾರ, ಸುವರ್ಣಗಡ್ಡೆಯ ಹೂವು ಹಾಳೆಗೆ ಒಗ್ಗುವಂಥವಲ್ಲ. ಅವನ್ನು ಉದ್ದಕ್ಕೆ ಸೀಳಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳುತ್ತೇನೆ; ಯಾವ ಹೂ ಅರಳಿತ್ತು, ಯಾವುದು ಮೊಗ್ಗಾಗಿತ್ತು ಎಂಬುದನ್ನು ಅದೇ ದಿನ ದಿನಾಂಕದೊಂದಿಗೆ ಬರೆದಿಡುತ್ತೇನೆ.