ನಿಯಮ ತಿದ್ದುವ ಸಭೆಗೂ ಒಂದು ನಿಯಮ: ಎಂಟು ಖಾಲಿ ಚೀಟಿಗಳಿಂದ ಕಲಿತದ್ದು

ನಮ್ಮ ನೀರಿನ ಸಂಘದಲ್ಲಿ 41 ಮನೆಗಳಿವೆ. ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೋಗುವ ರಸ್ತೆಯನ್ನು ಬಿಟ್ಟು ಒಳಗೆ ತಿರುಗಿದರೆ ನಮ್ಮ ಊರು. ಕಾನಿನೊಳಗಿನ ಅಬ್ಬಿಯಿಂದ ಮೊದಲು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಇಳಿಯುತ್ತಿದ್ದ ನೀರು ಈಗ ಕಪ್ಪು ಪೈಪಿನಲ್ಲಿ ಇಳಿಯುತ್ತದೆ. ನಿಯಮಾವಳಿ ಮಾತ್ರ ದಂಬೆಯ ಕಾಲದ್ದೇ. ಅದನ್ನು ಹೊಸದಾಗಿ ಬರೆಯಲು ಒಂದು ಸಭೆ ಕರೆಯಬೇಕೇ ಎಂದು ಚೀಟಿ ಹಾಕಿಸಿದೆವು. ಬೇಕು ಎಂದವರು 19, ಬೇಡ ಎಂದವರು 14, ಏನೂ ಬರೆಯದೆ ಮಡಚಿ ಹಾಕಿದ ಚೀಟಿಗಳು 8.

ಅಧ್ಯಕ್ಷರು, "41ರಲ್ಲಿ ಅರ್ಧಕ್ಕಿಂತ ಹೆಚ್ಚು ಎಂದರೆ 21. ಬಿದ್ದುಹೋಯಿತು" ಎಂದು ನಡಾವಳಿ ಪುಸ್ತಕ ಮುಚ್ಚಿದರು. ಕೆಳಗಿನ ಕೇರಿಯ ಹುಡುಗ ಎದ್ದು ನಿಂತು, "ಬಾಯಿ ಬಿಡದವರ ಲೆಕ್ಕವನ್ನು ಯಾಕೆ ಹಿಡಿಯುತ್ತೀರಿ ಮಾರಾಯರೇ? 33ರಲ್ಲಿ 19, ಗೆದ್ದಿದೆ" ಎಂದ. ಇಬ್ಬರ ಗಣಿತವೂ ಸರಿ. ಯಾವುದನ್ನು ಹಿಡಿಯಬೇಕು ಎಂದು ನಿಯಮಾವಳಿಯ ಯಾವ ಪುಟದಲ್ಲೂ ಇರಲಿಲ್ಲ. ಕಾಫಿ ಆರಿತು, ಕರೆಂಟು ಹೋಯಿತು, ಜಗಳ ಮುಗಿಯಲಿಲ್ಲ.

ನಾನು ಕಾಲೇಜಿನಲ್ಲಿ 31 ವರ್ಷ ರಾಜ್ಯಶಾಸ್ತ್ರ ಕಲಿಸಿದವನು. ಟಾರ್ಚ್ ಹಿಡಿದು ತೋಟದ ದಾರಿಯಲ್ಲಿ ಮನೆಗೆ ಇಳಿಯುವಾಗ ನನಗೆ ನೆನಪಾದದ್ದು ಅಮೆರಿಕದ ಹವಾಯಿ ರಾಜ್ಯ. 1996ರಲ್ಲಿ ಅಲ್ಲಿನ ಮತದಾರರನ್ನು, ರಾಜ್ಯದ ಸಂವಿಧಾನವನ್ನು ಪರಿಶೀಲಿಸಲು ಸಂವಿಧಾನ ಸಭೆ ಕರೆಯಬೇಕೇ ಎಂದು ಕೇಳಿದ್ದರು. ಬೇಕು ಎಂದವರೇ ಹೆಚ್ಚಿದ್ದರು. ಆದರೆ ಆ ಪ್ರಶ್ನೆಯ ಮುಂದೆ ಗುರುತು ಹಾಕದೆ ಬಿಟ್ಟ ಮತಪತ್ರಗಳನ್ನೂ ಸೇರಿಸಿಯೇ ಬಹುಮತ ನೋಡಬೇಕು ಎಂದು ರಾಜ್ಯದ ಸರ್ವೋಚ್ಚ ನ್ಯಾಯಾಲಯ 1997ರಲ್ಲಿ ಹೇಳಿತು. ಸಭೆ ನಡೆಯಲಿಲ್ಲ. 1998ರಲ್ಲಿ ಮತ್ತೆ ಕೇಳಿದಾಗ ಜನ ನೇರವಾಗಿ ಬೇಡ ಎಂದರು. ಇದನ್ನು ತರಗತಿಯಲ್ಲಿ ಎರಡು ನಿಮಿಷದಲ್ಲಿ ಮುಗಿಸಿಬಿಡುತ್ತಿದ್ದೆ. ನನ್ನ ಊರಿನ ಜಗುಲಿಯ ಮೇಲೆ ಎರಡು ಗಂಟೆ ಹಿಡಿಯಿತು.

ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೂ ಸ್ವಂತ ಸಂವಿಧಾನವಿದೆ. ಅದನ್ನು ತಿದ್ದಲು ಸಭೆ ಕರೆಯುವ ಕ್ರಮವನ್ನು ಇನ್ನೂರು ವರ್ಷಗಳಿಂದ ಎಡವುತ್ತ ಏಳುತ್ತ ಬರೆದುಕೊಂಡಿದ್ದಾರೆ. ನಮ್ಮಲ್ಲಿ ಹಾಗಿಲ್ಲ. ಮೈಸೂರು ಸಂಸ್ಥಾನಕ್ಕೂ ಒಂದು ಸಂವಿಧಾನ ಸಭೆ ಇತ್ತು. ಭಾರತದ ಸಂವಿಧಾನವೇ ಸಾಕೆಂದು ಅದು ತೀರ್ಮಾನಿಸಿದ ಮೇಲೆ 1949ರ ನವೆಂಬರ್ 25ರಂದು ಮಹಾರಾಜರ ಘೋಷಣೆ ಹೊರಟು ಆ ಅಧ್ಯಾಯ ಮುಗಿಯಿತು. ಹಾಗಾಗಿ ಈ ವಿದ್ಯೆ ನಮಗೆ ಉಪಯೋಗಕ್ಕೆ ಬರುವುದು ಸಂಘ, ಸಹಕಾರಿ, ದೇವಸ್ಥಾನದ ಸಮಿತಿ, ಕಲಾ ಮಂಡಳಿಗಳ ಬೈಲಾ ಬರೆಯುವಾಗ. ನೋಂದಾಯಿತ ಸಂಘವಾದರೆ ನಿಮ್ಮ ಕಾಯ್ದೆ ಏನು ಹೇಳುತ್ತದೆ ಎಂದು ಮೊದಲು ಓದಿಕೊಳ್ಳಿ. ಅದನ್ನು ಮೀರಿ ಬೈಲಾ ಬರೆದರೆ ನಿಲ್ಲುವುದಿಲ್ಲ.

ಮೊದಲ ಪ್ರಶ್ನೆ: ಸಭೆಯನ್ನು ಕರೆಯುವವರು ಯಾರು? ನಮ್ಮ ಹಳೆಯ ನಿಯಮದಲ್ಲಿ, "ನಿಯಮಗಳನ್ನು ಬದಲಿಸುವ ಅಧಿಕಾರ ಕಾರ್ಯಕಾರಿ ಸಮಿತಿಯದು" ಎಂದು ಒಂದೇ ಸಾಲು. ಮೇಲಿನ ಕೇರಿಯವರಿಗೆ ಬೆಳಗಿನ ನೀರು, ಕೆಳಗಿನವರಿಗೆ ಉಳಿದ ನೀರು ಎಂದು ಬರೆದವರೂ ಅದೇ ಸಮಿತಿಯವರು. ಅವರಾಗಿ ಯಾಕೆ ಕರೆಯುತ್ತಾರೆ? 1776ರಲ್ಲೇ ಮ್ಯಾಸಚೂಸೆಟ್ಸ್‌ನ ಕಾಂಕಾರ್ಡ್ ಎಂಬ ಊರಿನ ಸಭೆ ಇದನ್ನು ಕಂಡುಕೊಂಡಿತ್ತು. ಕಾನೂನು ಮಾಡುವ ಶಾಸನಸಭೆಯೇ ಸಂವಿಧಾನವನ್ನೂ ಬರೆದರೆ, ಬೇಕೆಂದಾಗ ಅದೇ ತಿದ್ದಿಕೊಳ್ಳುತ್ತದೆ. ಆಮೇಲೆ ಜನರಿಗೆ ಯಾವ ರಕ್ಷಣೆ ಎಂಬುದು ಅವರ ವಾದ. ಶಾಸನಸಭೆ ಬರೆದ ಕರಡನ್ನು 1778ರಲ್ಲಿ ಊರೂರಿನ ಸಭೆಗಳು ತಿರಸ್ಕರಿಸಿದವು. 1779ರಲ್ಲಿ ಅದಕ್ಕೆಂದೇ ಆರಿಸಿದ ಪ್ರತಿನಿಧಿಗಳ ಸಭೆ ಕೂಡಿತು. ಅದು ಕೊಟ್ಟ 1780ರ ಸಂವಿಧಾನ, ತಿದ್ದುಪಡಿಗಳೊಂದಿಗೆ, ಇಂದಿಗೂ ನಡೆಯುತ್ತಿದೆ. (ಕ್ರಮವನ್ನೇ ಕೇಳದೆ ಹೊಸ ಆಡಳಿತ ಕಟ್ಟುವ ದಾರಿಯೂ ಇದೆ. ನಮ್ಮ ಜಿಲ್ಲೆಯ ಈಸೂರು 1942ರಲ್ಲಿ ಹುಡುಗನೊಬ್ಬನನ್ನು ಅಮಲ್ದಾರನನ್ನಾಗಿ ಮಾಡಿಕೊಂಡು ಬ್ರಿಟಿಷರ ಆಡಳಿತ ಬೇಡವೆಂದಿತು. ಅದಕ್ಕೆ ಐವರು ನೇಣಿಗೇರಿದರು. ಅದು ಬೇರೆ ತೂಕದ ಮಾತು. ನೀರಿನ ಸಂಘಕ್ಕೆ ಅಷ್ಟು ಬೇಕಾಗುವುದಿಲ್ಲ.)

ಆದ್ದರಿಂದ ಕರೆಯಲು ಒಂದಕ್ಕಿಂತ ಹೆಚ್ಚು ಬಾಗಿಲು ಇಡಿ. ಸಮಿತಿ ಕರೆಯಬಹುದು, ಇಷ್ಟು ಸದಸ್ಯರು ಸಹಿ ಹಾಕಿದರೆ ಕರೆಯಲೇಬೇಕು, ಇವೆರಡೂ ಆಗದಿದ್ದರೆ ಕಾಲವೇ ಕರೆಯಬೇಕು. ಮೂರನೆಯದು ನನಗೆ ಬಹಳ ಇಷ್ಟ. ಅಮೆರಿಕದ ಸ್ವಾತಂತ್ರ್ಯ ಘೋಷಣೆ ಬರೆದ ಜೆಫರ್ಸನ್ ಒಂದು ತಲೆಮಾರನ್ನು 19 ವರ್ಷವೆಂದು ಲೆಕ್ಕ ಹಾಕಿ, ಸತ್ತವರ ಸಂವಿಧಾನ ಬದುಕಿರುವವರನ್ನು ಅದಕ್ಕಿಂತ ಹೆಚ್ಚು ಕಾಲ ಕಟ್ಟಿಹಾಕಬಾರದೆಂದು 1789ರಲ್ಲಿ, ಆ ದೇಶದ ಸಂವಿಧಾನ ರೂಪಿಸಿದವರಲ್ಲಿ ಮುಖ್ಯನಾದ ಮ್ಯಾಡಿಸನ್‌ಗೆ ಪತ್ರ ಬರೆದ. ಮ್ಯಾಡಿಸನ್ ಒಪ್ಪಲಿಲ್ಲ. ಆದರೆ ಇಂದು 14 ರಾಜ್ಯಗಳಲ್ಲಿ, ಯಾರೂ ಕೇಳದಿದ್ದರೂ, ಗೊತ್ತಾದ ವರ್ಷಕ್ಕೊಮ್ಮೆ ಪ್ರಶ್ನೆ ತಾನಾಗಿ ಜನರ ಮುಂದೆ ಬರಬೇಕೆಂದು ಸಂವಿಧಾನದಲ್ಲೇ ಇದೆ. ನ್ಯೂಯಾರ್ಕಿನಲ್ಲಿ 20 ವರ್ಷಕ್ಕೆ, ಮಿಷಿಗನ್‌ನಲ್ಲಿ 16ಕ್ಕೆ, ಅಲಾಸ್ಕಾದಲ್ಲಿ 10ಕ್ಕೆ. ನ್ಯೂಯಾರ್ಕಿನವರು 2017ರಲ್ಲಿ ಬೇಡ ಎಂದರು. ಅದರಲ್ಲಿ ಸೋಲೇನಿಲ್ಲ, ಕೇಳುವುದಷ್ಟೇ ಆ ವಿಧಿಯ ಕೆಲಸ.

ಕೇಳಿ, ಜನ ಬೇಕು ಎಂದರೂ ಕರೆಯದೆ ಉಳಿಯುವ ಚಾಲಾಕಿತನ ಇದೆ. ನ್ಯೂಯಾರ್ಕಿನಲ್ಲಿ 1886ರಲ್ಲಿ ಭಾರೀ ಬಹುಮತದಿಂದ ಸಭೆ ಬೇಕೆಂದು ಮತ ಬಿತ್ತು. ಪ್ರತಿನಿಧಿಗಳನ್ನು ಹೇಗೆ ಆರಿಸುವುದು ಎಂಬ ವಿಷಯದಲ್ಲಿ ರಾಜ್ಯಪಾಲರಿಗೂ ಶಾಸನಸಭೆಗೂ ಜಟಾಪಟಿ ನಡೆದು, ಸಭೆ ಕೂಡಿದ್ದು 1894ರಲ್ಲಿ. ಎಂಟು ವರ್ಷ! ಆ ತೂತನ್ನು ಆ ಸಭೆಯೇ ಮುಚ್ಚಿತು. ಪ್ರತಿ ಸೆನೆಟ್ (ಮೇಲ್ಮನೆ) ಕ್ಷೇತ್ರದಿಂದ 3 ಪ್ರತಿನಿಧಿಗಳು, ಇಡೀ ರಾಜ್ಯದಿಂದ 15, ಆಯ್ಕೆಯಾದ ಮುಂದಿನ ಏಪ್ರಿಲ್‌ನ ಮೊದಲ ಮಂಗಳವಾರ ರಾಜಧಾನಿಯಲ್ಲಿ ಕೂಡಬೇಕು, ಸಂಬಳ ಶಾಸಕರಷ್ಟೇ. ಎಲ್ಲವನ್ನೂ ಸಂವಿಧಾನದಲ್ಲೇ ಬರೆದಿಟ್ಟರು. ಯಾರ ಸಹಿಗೂ ಕಾಯಬೇಕಿಲ್ಲ. ಒಕ್ಲಹಾಮದಲ್ಲಿ 20 ವರ್ಷಕ್ಕೊಮ್ಮೆ ಕೇಳಬೇಕೆಂದಿದ್ದರೂ ಅದನ್ನು ಮತಪತ್ರಕ್ಕೆ ಹಾಕಬೇಕಾದದ್ದು ಶಾಸನಸಭೆ. 1970ರ ನಂತರ ಹಾಕಿಯೇ ಇಲ್ಲ. ನಿಮ್ಮ ಬೈಲಾದಲ್ಲಿ "ಸಮಿತಿಯು ಸೂಕ್ತ ದಿನದಂದು" ಎಂದು ಬರೆಯುವ ಮುನ್ನ ಈ ಎರಡು ಕಥೆಗಳನ್ನು ನೆನೆಯಿರಿ. ಸೂಕ್ತ ದಿನ ಬರುವುದಿಲ್ಲ.

ಪ್ರಶ್ನೆಯ ಮಾತುಗಳನ್ನೂ ಮೊದಲೇ ಬರೆದಿಡಬೇಕು. 1970ರಲ್ಲಿ ಅಲಾಸ್ಕಾದ ಮತಪತ್ರದಲ್ಲಿ, ಸಂವಿಧಾನದ ಇಂಥ ವಿಧಿ ಬಯಸುವಂತೆ ಸಂವಿಧಾನ ಸಭೆ ನಡೆಯಬೇಕೇ ಎಂಬ ಅರ್ಥದ ಪ್ರಶ್ನೆ ಇತ್ತು. ವಿಧಿ ಬಯಸುವುದು ಪ್ರಶ್ನೆ ಕೇಳುವುದನ್ನು. ಓದಿದವರಿಗೆ ಸಭೆಯೇ ಕಡ್ಡಾಯ ಎಂಬಂತೆ ಕೇಳಿಸುತ್ತಿತ್ತು. ಕೂದಲೆಳೆಯ ಅಂತರದಲ್ಲಿ "ಹೌದು" ಗೆದ್ದಿತು. ಜನರನ್ನು ದಾರಿ ತಪ್ಪಿಸುವ ಮಾತು ಎಂದು ನ್ಯಾಯಾಲಯ ಆ ಮತದಾನವನ್ನೇ ತೆಗೆದುಹಾಕಿತು. 1972ರಲ್ಲಿ ಸರಿಯಾಗಿ ಕೇಳಿದಾಗ ಉತ್ತರ "ಬೇಡ". ನಮ್ಮ ನೋಟಿಸಿನಲ್ಲೂ "ಊರಿನ ಹಿತದೃಷ್ಟಿಯಿಂದ" ಎಂದು ಶುರುವಾಗಿತ್ತು. ಬರೆದವನು ನಾನೇ. ಹಾಗೆ ಕೇಳಿದ ಮೇಲೆ ಬೇಡ ಎನ್ನುವವನು ಊರಿಗೆ ಅಹಿತ ಬಯಸುವವನಂತೆ ಕಾಣುತ್ತಾನೆ. ಆ ಎಂಟು ಖಾಲಿ ಚೀಟಿಗಳಲ್ಲಿ ಎರಡಾದರೂ ನನ್ನ ಆ ಒಂದು ಪದದ ಫಲ ಎಂಬ ಅನುಮಾನ ನನಗೆ ಇನ್ನೂ ಇದೆ.

ಇನ್ನು ಲೆಕ್ಕ. ಬಹುಮತ ಎಂಬ ಪದವನ್ನು ಒಂಟಿಯಾಗಿ ಬಿಡಬೇಡಿ. ಯಾರ ಬಹುಮತ ಎಂದು ಬರೆಯಿರಿ. ಒಟ್ಟು ಸದಸ್ಯರದೋ, ಹಾಜರಿದ್ದವರದೋ, ಆ ಪ್ರಶ್ನೆಗೆ ಉತ್ತರಿಸಿದವರದೋ? ಮೇರಿಲ್ಯಾಂಡಿನಲ್ಲಿ 2010ರಲ್ಲಿ ಉತ್ತರಿಸಿದವರಲ್ಲಿ ಶೇಕಡಾ 54ರಷ್ಟು ಜನ ಸಭೆ ಬೇಕೆಂದರು. ಆದರೆ ಅಲ್ಲಿ ಬೇಕಾದದ್ದು ಆ ಚುನಾವಣೆಯಲ್ಲಿ ಮತ ಹಾಕಿದ ಎಲ್ಲರ ಬಹುಮತ, ಅದು ದಕ್ಕಲಿಲ್ಲ. ಇಲಿನಾಯ್‌ನವರು ಎರಡು ದಾರಿ ಇಟ್ಟಿದ್ದಾರೆ: ಉತ್ತರಿಸಿದವರಲ್ಲಿ ಐದರಲ್ಲಿ ಮೂರು ಪಾಲು, ಇಲ್ಲವೇ ಮತ ಹಾಕಿದ ಎಲ್ಲರಲ್ಲಿ ಅರ್ಧಕ್ಕಿಂತ ಹೆಚ್ಚು. ನಮ್ಮ ಸಂವಿಧಾನದ 368ನೇ ವಿಧಿ ಎರಡನ್ನೂ ಒಟ್ಟಿಗೆ ಕೇಳುತ್ತದೆ: ಸದನದ ಒಟ್ಟು ಸದಸ್ಯಬಲದ ಬಹುಮತ ಮತ್ತು ಹಾಜರಿದ್ದು ಮತ ಹಾಕಿದವರ ಮೂರನೇ ಎರಡು ಭಾಗ. ಅಧ್ಯಕ್ಷರ ಲೆಕ್ಕವಾಗಲಿ ಹುಡುಗನ ಲೆಕ್ಕವಾಗಲಿ ತಪ್ಪಲ್ಲ. ಚೀಟಿ ಎಣಿಸಿದ ಮೇಲೆ ಲೆಕ್ಕದ ರೀತಿಯನ್ನು ಹುಡುಕಲು ಹೊರಟದ್ದು ತಪ್ಪು. ನನ್ನ ಅಭಿಪ್ರಾಯ ಕೇಳಿದರೆ, ಸಭೆ ಕರೆಯುವುದಕ್ಕೆ ಉತ್ತರಿಸಿದವರ ಬಹುಮತ ಸಾಕು. ಬಿಗಿ ಬೇಕಾದದ್ದು ಕೊನೆಯ ಒಪ್ಪಿಗೆಗೆ. ಮಾತನಾಡಲು ಕೂರುವುದಕ್ಕೇ ಬೀಗ ಹಾಕಬಾರದು.

ಪ್ರತಿನಿಧಿಗಳಾಗಿ ಕೂರುವವರು ಯಾರು? 1972ರಲ್ಲಿ ಮೊಂಟಾನಾದ ಸಭೆಯಲ್ಲಿ 100 ಪ್ರತಿನಿಧಿಗಳಿದ್ದರು. ಅಧಿಕಾರದಲ್ಲಿದ್ದ ಶಾಸಕರಿಗೆ ಅಲ್ಲಿ ಜಾಗವಿರಲಿಲ್ಲ. ಪಕ್ಷದ ಪ್ರಕಾರ ಕೂರಿಸದೆ ಹೆಸರಿನ ಅಕ್ಷರಕ್ರಮದಲ್ಲಿ ಕೂರಿಸಿದರು. ಕೊನೆಗೂ ನಮ್ಮ ಸಭೆ ಕೂಡಿದಾಗ ಇದನ್ನು ನಾವು ಹಾಗೆಯೇ ಎತ್ತಿಕೊಂಡೆವು. ಮೇಲಿನ ಕೇರಿ ಒಂದು ಜಮಖಾನೆ, ಕೆಳಗಿನ ಕೇರಿ ಇನ್ನೊಂದು ಜಮಖಾನೆ ಎಂದು ಕೂರುತ್ತಿದ್ದವರು ಅ, ಆ, ಇ, ಈ ಎಂದು ಕೂರಬೇಕಾಯಿತು. ಮಾತು ಬಿಟ್ಟಿದ್ದ ಇಬ್ಬರು ದಾಯಾದಿಗಳಿಗೆ ಒಂದೇ ಅಕ್ಷರ. ಕವಳದ ತಟ್ಟೆ ದಾಟಿಸಲಿಕ್ಕಾದರೂ ಮುಖ ನೋಡಲೇಬೇಕಾಯಿತು. ಪ್ರತಿ ಮನೆಯಿಂದ ಒಬ್ಬರು ಎಂದಷ್ಟೇ ಬರೆದರೆ ಮನೆಯ ಯಜಮಾನರೇ ಬರುತ್ತಾರೆ. ಕೊಡ ಹಿಡಿದು ನಲ್ಲಿಯ ಮುಂದೆ ಕಾಯುವವರು ಬರುವುದಿಲ್ಲ. 9 ಪ್ರತಿನಿಧಿಗಳಲ್ಲಿ 4 ಜನ ಹೆಂಗಸರು ಎಂದು ನಾವು ಬರೆದುಕೊಂಡೆವು. 5 ಎಂದು ಬರೆಯಬೇಕಿತ್ತು ಎಂದು ನನ್ನ ಹೆಂಡತಿ ಈಗಲೂ ಹೇಳುತ್ತಾಳೆ.

ಸಭೆಯ ಮಿತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟೆನೆಸಿಯಲ್ಲಿ 1953ರಲ್ಲಿ ಮಾಡಿದಂತೆ ಇಂಥ ವಿಷಯಗಳಷ್ಟೇ ಎಂದು ಕಟ್ಟಿಹಾಕಿಯೂ ಕರೆಯಬಹುದು. ಭಯ ಹೆಚ್ಚಿರುವ ಊರಿಗೆ ಅದೇ ಸರಿ. ಖರ್ಚನ್ನು ಯಾವ ಬಾಬ್ತಿನಿಂದ ಎಂದು ಬರೆಯಿರಿ, ಅಷ್ಟೇ.

ಕೊನೆಯ ಒಪ್ಪಿಗೆ ಮಾತ್ರ ನಿಧಾನವಾಗಿ ಯೋಚಿಸಬೇಕಾದದ್ದು. ಪ್ರತಿನಿಧಿಗಳು ಬರೆದದ್ದು ಕರಡು. ಎಲ್ಲ ಸದಸ್ಯರು ಒಪ್ಪುವವರೆಗೆ ಅದು ಕಾಗದ. ಅದನ್ನು ಇಡೀ ಗಂಟಾಗಿ ಮುಂದಿಡುವುದೋ ಬಿಡಿಸಿ ಇಡುವುದೋ? 1967ರಲ್ಲಿ ನ್ಯೂಯಾರ್ಕಿನವರು ಒಂದೇ ಗಂಟು ಕಟ್ಟಿದರು. ಧಾರ್ಮಿಕ ಶಾಲೆಗಳಿಗೆ ಸರ್ಕಾರದ ಹಣ ಹೋಗದಂತೆ ತಡೆಯುವ ವಿಧಿಯನ್ನು ಕೈಬಿಟ್ಟ ವಿವಾದವೂ ಅದರೊಳಗಿತ್ತು. ಗಂಟು ಪೂರಾ ಮುಳುಗಿತು. ಮುಂದಿನ ವರ್ಷ ಮೇರಿಲ್ಯಾಂಡಿನ ಕರಡಿಗೂ ಅದೇ ಗತಿ. ಇಲಿನಾಯ್‌ನ ಸಭೆ ಇದರಿಂದ ಬುದ್ಧಿ ಕಲಿತಂತೆ ಕಾಣುತ್ತದೆ: 1970ರ ಡಿಸೆಂಬರಿನಲ್ಲಿ ಮುಖ್ಯ ಕರಡನ್ನು ಒಂದು ಕಡೆ ಇಟ್ಟು, ಮರಣದಂಡನೆ ರದ್ದು, 18ಕ್ಕೆ ಮತದಾನದ ಹಕ್ಕು ಮುಂತಾದ ಬಿಸಿ ವಿಷಯಗಳನ್ನು ಬೇರೆ ಬೇರೆ ಪ್ರಶ್ನೆಗಳಾಗಿ ಕೇಳಿತು. ಆ ಎರಡೂ ಬಿದ್ದವು, ಸಂವಿಧಾನ ಗೆದ್ದಿತು. ನಮ್ಮಲ್ಲಿ ಬಿಸಿ ವಿಷಯ ತೋಟಕ್ಕೆ ನೀರು ಬಿಡುವುದು. ಅದನ್ನು ಬೇರೆ ಚೀಟಿ ಮಾಡಿದೆವು. ಅದು ಬಿತ್ತು, ಉಳಿದದ್ದು 29 ಮನೆಗಳ ಒಪ್ಪಿಗೆಯಿಂದ ನಿಂತಿತು.

ದಿನದ ಬಗ್ಗೆ ಮಲೆನಾಡಿನವರಿಗೆ ಒಂದು ಮಾತು. ಮಳೆಗಾಲದಲ್ಲಿ ಔಷಧಿ ಹೊಡೆಯುವ ಗಡಿಬಿಡಿ, ದೀಪಾವಳಿಯಿಂದ ಆಚೆಗೆ ಕೊಯ್ಲು ಮತ್ತು ಸುಲಿತ, ಏಪ್ರಿಲ್‌ನಲ್ಲಿ ಅಬ್ಬಿ ಸೊರಗಿ ಎಲ್ಲರ ಬಾಯಿಯೂ ಹರಿತ. ಶಿವರಾತ್ರಿ ಕಳೆದ ಹತ್ತಿಪ್ಪತ್ತು ದಿನಗಳೇ ಸರಿಯಾದ ಕಾಲ.

ನಾವು ಕೊನೆಗೆ ಬರೆದ ವಿಧಿ ಇದು, ಬೇಕಾದವರು ನಕಲು ಮಾಡಿಕೊಳ್ಳಬಹುದು:

"ಪ್ರತಿ 12 ವರ್ಷಕ್ಕೊಮ್ಮೆ, ಅಥವಾ 10 ಮನೆಗಳು ಸಹಿ ಹಾಕಿ ಕೇಳಿದ 60 ದಿನಗಳೊಳಗೆ, ‘ನಿಯಮಾವಳಿಯನ್ನು ಪರಿಶೀಲಿಸಲು ಪ್ರತಿನಿಧಿಗಳ ಸಭೆ ಕರೆಯಬೇಕೇ? ಬೇಕು / ಬೇಡ’ ಎಂಬ ಪ್ರಶ್ನೆಯನ್ನು, ಇನ್ನೊಂದು ಪದ ಸೇರಿಸದೆ, ಎಲ್ಲ ಮನೆಗಳ ಮುಂದೆ ಇಡತಕ್ಕದ್ದು. ಖಾಲಿ ಚೀಟಿಯನ್ನು ಲೆಕ್ಕಕ್ಕೆ ಹಿಡಿಯತಕ್ಕದ್ದಲ್ಲ. ‘ಬೇಕು’ ಹೆಚ್ಚಾದರೆ ಮುಂದಿನ ನಾಲ್ಕನೇ ಭಾನುವಾರ ಬೆಳಿಗ್ಗೆ 10 ಗಂಟೆಗೆ ಶಾಲೆಯ ಜಗುಲಿಯಲ್ಲಿ ಸಭೆ ತಾನಾಗಿ ಕೂಡತಕ್ಕದ್ದು. ಯಾರ ನೋಟಿಸೂ ಬೇಕಿಲ್ಲ. ಸಮಿತಿಯಲ್ಲಿ ಇರುವವರು ಪ್ರತಿನಿಧಿಗಳಾಗತಕ್ಕದ್ದಲ್ಲ. ಕರಡಿಗೆ ಒಟ್ಟು ಮನೆಗಳಲ್ಲಿ ಮೂರನೇ ಎರಡು ಭಾಗದ ಒಪ್ಪಿಗೆ ಬೇಕು."

ನಕಲು ಮಾಡುವವರು "ಮನೆ" ಎಂಬ ಪದಕ್ಕೆ ಅರ್ಥ ಬರೆದುಕೊಳ್ಳಿ. ನಾವು ಮರೆತೆವು. ಹೋದ ತಿಂಗಳು ಒಂದು ಮನೆಯಲ್ಲಿ ಅಣ್ಣತಮ್ಮಂದಿರು ಪಾಲಾಗಿ, ಒಂದೇ ಮಾಡಿನ ಕೆಳಗೆ ಎರಡು ಒಲೆಗಳಾಗಿವೆ, ನಲ್ಲಿ ಒಂದೇ. ಈಗ ನಾವು 41 ಮನೆಯೋ 42 ಮನೆಯೋ ಎಂಬುದು ಮುಂದಿನ ಸಭೆಯ ಮೊದಲ ವಿಷಯ.